ಮೊಸರು ಖಾಲಿ ಮಾಡಿದವಳು ನಾನೇ

ಮಗಳೇ,

ಅಡುಗೆ ಆಗಿದೆ, ಬಿಸಿ ಮಾಡಿಕೊಂಡು ಊಟ ಮಾಡು.

ನಿನ್ನೆ "ಈ ಮನೇಲಿ ಮೊಸರೆಲ್ಲ ಎಲ್ಲಿ ಮಾಯ ಆಗುತ್ತೆ?" ಎಂದು ಸಿಡುಕಿದೆಯಲ್ಲ, ತಿಂದವಳು ನಾನೇ. ಎರಡು ತಿಂಗಳಿಂದ ಕೆಳಗೆ ತುರಿಕೆ, ಉರಿ. ಹೇಳಿಕೊಳ್ಳಲು ನಾಚಿಕೆ. ಮೊಸರು ತಿಂದೆ, ಹಸಿ ಬೆಳ್ಳುಳ್ಳಿ ನುಂಗಿದೆ, ಸೊಪ್ಪು ಕುದಿಸಿದ ನೀರಿನಲ್ಲಿ ತೊಳೆದುಕೊಂಡೆ. ಗಿಡಮೂಲಿಕೆ ಅಂಗಡಿಯವನು "ಔಷಧಿ ಯಾರಿಗಮ್ಮಾ?" ಎಂದಾಗ ಬಾಯಿತಪ್ಪಿ "ಸೊಸೆಗೆ" ಎಂದು ನಿನ್ನ ಮೇಲೆ ಹಾಕಿಬಿಟ್ಟೆ. ತಪ್ಪಾಯಿತು. ರೋಗನಿರೋಧಕ ಶಕ್ತಿಗೆಂದು ಅವನು ಕೊಟ್ಟ ಪುಡಿ ಬರೀ ಕಹಿ, ಗುಣವೇನೂ ಕಾಣಲಿಲ್ಲ. ಕಪಾಟಿನಲ್ಲಿದೆ, ಎಸೆದುಬಿಡು.

ಇವತ್ತು ಮಾರುಕಟ್ಟೆ ಹಿಂದಿನ ಲೇಡಿ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ನಾಲ್ಕು ಗಂಟೆಗೆ ನನ್ನ ಸರದಿ. ಸಕ್ಕರೆ ಕಾಯಿಲೆಯಿಂದಲೂ ಹೀಗೆ ಮರುಕಳಿಸಬಹುದು ಎಂದು ನರ್ಸ್ ಫೋನಿನಲ್ಲಿ ಹೇಳಿದಾಗಿನಿಂದ ಕಾಫಿಗೆ ಸಕ್ಕರೆ ಹಾಕಿಕೊಳ್ಳಲೂ ಭಯ. ನನ್ನ ಮಗ ಕೇಳಿದರೆ ಕಣ್ಣು ತೋರಿಸಲು ಹೋಗಿದ್ದಾರೆ ಅನ್ನು.

ಬೆಳಿಗ್ಗೆ ಎರಡು ಸಲ ನಿನ್ನ ಕೋಣೆಯ ಬಾಗಿಲವರೆಗೆ ಬಂದೆ. ನೀನು ನಿನ್ನಮ್ಮನ ಜೊತೆ ಫೋನಿನಲ್ಲಿ ನಗುತ್ತಿದ್ದೆ. ಹಾಗೆ ಎಲ್ಲವನ್ನೂ ಹೇಳಿಕೊಳ್ಳಲು ನನಗೆ ಯಾರಿದ್ದಾರೆ ಎನಿಸಿತು. ವಾಪಸ್ಸಾಗಿ ಈ ಚೀಟಿ ಬರೆಯಲು ಕೂತೆ.

ನೀನು ಬರಲೇಬೇಕೆಂದಿಲ್ಲ. ಆದರೂ ಅಲ್ಲಿ ನನ್ನ ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟು ಜಾಗ ಹಿಡಿದಿರುತ್ತೇನೆ.

ಅತ್ತೆ