ಚಾಡಿ ಹೇಳದ ಫೋನು

ಸ್ಫಾಕ್ಸ್, ಮಂಗಳವಾರ

ತೈಸೀರಣ್ಣ,

ಬರೀ ಹೊಟ್ಟೆಹುಣ್ಣು ಎಂದು ನಾವಿಬ್ಬರೂ ಅಮ್ಮನಿಗೆ ಹೇಳಿದ ಸುಳ್ಳು ನನ್ನಿಂದಲೇ ಬಯಲಾಗುವುದರಲ್ಲಿತ್ತು. ಕಳೆದ ವಾರ ನನ್ನ ಫೋನಿನಲ್ಲಿ ಕ್ಯಾನ್ಸರ್ ಬಗ್ಗೆ ಹುಡುಕಿದ್ದೆ. ಮರುದಿನದಿಂದ ಅಡುಗೆ ನೋಡಹೋದರೂ ಕೂದಲುದುರಿದವರ ಟೋಪನ್ನಿನ ಜಾಹೀರಾತು. ಅಮ್ಮನ ಫೋನಿಗೂ ನನ್ನದೇ ಖಾತೆಯಲ್ಲವೇ, ಅಲ್ಲೂ ಇದೇ ಬಂದರೆ? ಹುಡುಕಿದ್ದನ್ನು ನೆನಪಿಡದ ಬೇರೆ ಸರ್ಚ್ ಎಂಜಿನ್ ಹಾಕೋಣವೆಂದು ಅವಳ ಫೋನ್ ತೆಗೆದರೆ, ಅದು ಆಗಲೇ ಅಲ್ಲಿತ್ತು.

"ಪಕ್ಕದ್ಮನೆ ಸಲ್ವಾ ಹತ್ರ ಹಾಕಿಸ್ಕೊಂಡೆ ಕಣೇ," ಎಂದಳು, ಬೆಳ್ಳುಳ್ಳಿ ಬಿಡಿಸುತ್ತಲೇ. "ಆ ಹಳೇದು ನಾನು ಹುಡುಕಿದ್ದನ್ನೆಲ್ಲಾ ಮಕ್ಕಳ ಫೋನಿಗೆ ಹೋಗಿ ಚಾಡಿ ಹೇಳುತ್ತೆ. ಲೋಕಕ್ಕೆಲ್ಲಾ ಅದೊಂದೇ ಅಂಗಡಿ ಅಂದ್ರೆ ಕೊಬ್ಬು ಬರದೆ ಇರುತ್ತಾ?"

"ಯಾವಾಗ ಹಾಕಿಸಿದ್ದು?"

"ರಮದಾನ್ ಶುರುವಾದಾಗ."

ಡಾಕ್ಟರು ನಮ್ಮನ್ನು ಹೊರಗೆ ಕರೆದು ಕ್ಯಾನ್ಸರ್ ಎಂದು ಹೇಳಿದ್ದೂ ಅದೇ ವಾರ. ಏನು ಹುಡುಕಿದೆ ಎಂದು ನಾನು ಕೇಳಲಿಲ್ಲ. ನೀನೂ ಕೇಳಬೇಡ.

ಶುಕ್ರವಾರ ಬರುವಾಗ ಕೈರುವಾನಿನಿಂದ ಅವಳಿಷ್ಟದ ಖರ್ಜೂರ ತುಂಬಿ ಕರಿದ ಮಖ್ರೂದ್ ಸಿಹಿ ತಾ, ಜಾಸ್ತಿಯೇ ಇರಲಿ. ಹುಣ್ಣಿಗೆ ಎಣ್ಣೆತಿಂಡಿ ಆಗದು ಎಂದು ನಾವು ತಟ್ಟೆ ಎತ್ತಿಟ್ಟಾಗಲೆಲ್ಲಾ ಅವಳು ಹೂಂ ಎಂದು, ನಮ್ಮ ಸುಳ್ಳಿಗಾಗಿ ಇಷ್ಟು ದಿನ ಪಥ್ಯ ಮಾಡಿದ್ದಾಳೆ.

ನಿನ್ನ ತಂಗಿ,
ರಫೀಕಾ