ದ್ಯಾಮವ್ವಜ್ಜಿಯ ಹೆಬ್ಬೆರಳು

ಗುಳೇದಗುಡ್ಡ
ಒಪ್ಪಿಗೆ ತಿಂಗಳು, ಮೂರನೇ ದಿನ, ಇಸವಿ ೨೧೯೪

ನನಗಿಂತ ಬಹಳ ಹಿಂದೆ ಬಾಳಿದ ಹಿರಿಯರಿಗೆ ಬನವ್ವ ಮಾಡುವ ನಮಸ್ಕಾರಗಳು.

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರಬಹುದು, ಮನ್ನಿಸಿ. ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಮೇಲಿನ ತಾರೀಖು ನಿಮಗೆ ವಿಚಿತ್ರ ಅನ್ನಿಸೀತು. ಡಿಸೆಂಬರ್ ಮುಗಿದ ಮೇಲೆ ನಮಗೆ ಇನ್ನೊಂದು ಸಣ್ಣ ತಿಂಗಳಿದೆ. ವರ್ಷವಿಡೀ ಕೊಟ್ಟ ಒಪ್ಪಿಗೆಗಳನ್ನು ಬೇಡವೆಂದವರು ಹಿಂದಕ್ಕೆ ಪಡೆಯಲಿ ಎಂದು ಅದನ್ನು ಇಟ್ಟಿದ್ದಾರೆ. ಯಾರೂ ಪಡೆಯುವುದಿಲ್ಲ.

ನಮ್ಮ ಪ್ರತಿ ಮನೆಯ ಗೋಡೆಯಲ್ಲಿ ಒಂದು ಗಾಜಿದೆ. ನಿಮ್ಮ ಫೋನು ಬೆಳೆದು ಗೋಡೆ ಸೇರಿತು ಎಂದುಕೊಳ್ಳಿ. ನಲ್ಲಿ, ದೀಪ, ಮಗ್ಗ, ರೇಷನ್, ಊರಿಂದೂರಿಗೆ ಆಡುವ ಮಾತು ಎಲ್ಲವೂ ಅದರ ಕೈಯಲ್ಲಿವೆ. ಕಳ್ಳರು ನುಗ್ಗುವಂಥ ತೂತುಗಳು ಅದರಲ್ಲಿ ಬೀಳುತ್ತಲೇ ಇರುತ್ತವೆ. ಅವನ್ನು ಮುಚ್ಚಲು ರಾಜಧಾನಿಯಿಂದ ಬರುವುದಕ್ಕೆ ತೇಪೆ ಎನ್ನುತ್ತೇವೆ. ತೇಪೆಯ ಜೊತೆ ಉದ್ದನೆಯ ಷರತ್ತು ಬರುತ್ತದೆ, ಅದರ ಕೆಳಗೆ ಹೆಬ್ಬೆರಳು ಒತ್ತಬೇಕು. ನಾವು ನೇಕಾರರು, ಕೈಗೆ ಸದಾ ನೂಲಿಗೆ ಹಚ್ಚುವ ಗಂಜಿ. ಗಂಜಿ ಮೆತ್ತಿದ ಬೆರಳನ್ನು ಗಾಜು ಗುರುತಿಸುವುದಿಲ್ಲ. ಮತ್ತೆ ಮತ್ತೆ ಮಗ್ಗ ಬಿಟ್ಟು ಕೈ ತೊಳೆಯುವುದು ಯಾರಿಗೆ ಆದೀತು? ಅದಕ್ಕೆ ಓಣಿಯ ಹಿರಿಯರು ಕೂಡಿ, ನೇಯುವುದು ಬಿಟ್ಟಿದ್ದ ದ್ಯಾಮವ್ವಜ್ಜಿಯ ಹೆಬ್ಬೆರಳೇ ಎಲ್ಲರ ಹೆಬ್ಬೆರಳು ಎಂದು ಗಾಜಿಗೆ ತಿಳಿಸಿದರು. ನಾನು ಹುಟ್ಟುವ ಮೊದಲಿನ ಮಾತಿದು. ದಿನಾ ಬೆಳಿಗ್ಗೆ ಆಕೆ ಪೂಜೆ ಮುಗಿಸಿ, ಬೆರಳಿನ ವಿಭೂತಿಯನ್ನು ಸೆರಗಿಗೆ ಒರೆಸಿ, ಒತ್ತುತ್ತಾಳೆ. ಓಣಿಯ ನಲ್ಲಿಗಳೆಲ್ಲ ಒಮ್ಮೆಲೇ ಸುರಿಯುತ್ತವೆ. ಆ ಸದ್ದಿಗೇ ನಾವು ಏಳುವುದು.

ಷರತ್ತನ್ನು ಓದುವವರಿಲ್ಲ. ಗಾಜೇ ಓದಿ ಹೇಳುತ್ತದೆ, ತನಗೆ ಹೇಳಬೇಕೆನಿಸಿದಷ್ಟನ್ನು. ಹಾಗಾಗಿ ಶಾಲೆಯಲ್ಲಿ ಓದು ಬರಹ ನಿಲ್ಲಿಸಿದರು. ಕಲಿತವರಲ್ಲಿ ನಾವೇ ಕೊನೆಯವರು.

ನನ್ನ ಅಕ್ಕ ಕಸ್ತೂರಿಯನ್ನು ಸೊಲ್ಲಾಪುರಕ್ಕೆ ಕೊಟ್ಟಿದೆ. ಅದು ಬೇಲಿಯಾಚೆ. ಒಂದೊಂದು ನಾಡಿನ ಗಾಜುಗಳ ಸುತ್ತ ಕಣ್ಣಿಗೆ ಕಾಣದ ಒಂದೊಂದು ಬೇಲಿಯಿದೆ. ಅದನ್ನು ದಾಟಿ ಮಾತಾಡಲು ಸೋಮವಾರ ಮಾತ್ರ ಬಿಡುತ್ತಿದ್ದರು. ಅಕ್ಕ ಬಸುರಿ. ಕುಬಸ ಎಂದು ನಾವು ಕರೆಯುವ ಸೀಮಂತಕ್ಕೆ, ಆಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಿತ್ತು. ದೀಪಾವಳಿಯ ಸೋಮವಾರ, "ಬನೀ, ನನ್ನ ಕುಬಸದ ಖಣ ನೀನ ನೇಯಬೇಕ್ ನೋಡು. ಅವ್ವಗ ಬಿಟ್ರ ಮತ್ತ ಆ ಬದನಿಕಾಯಿ ಬಣ್ಣಾನ ಆರಸ್ತಾಳ" ಎಂದು ನಕ್ಕಳು. ಅದೇ ಕೊನೆಯ ಮಾತು.

ಮರುದಿನ ಒಂದು ತೇಪೆ ಬಂತು. ದ್ಯಾಮವ್ವಜ್ಜಿ ಎಂದಿನಂತೆ ಒತ್ತಿದಳು. ಕಳ್ಳರ ಕಾಟ ತಪ್ಪಿಸುವ ಸಲುವಾಗಿ ಬೇಲಿಯಾಚೆಯ ಮಾತನ್ನು ಪೂರ್ತಿ ನಿಲ್ಲಿಸಲು ಓಣಿಯವರು ಒಪ್ಪಿದ್ದಾರೆ ಎಂದು ಅದರಲ್ಲಿತ್ತು. ಆಚೆಯವರು ಮಾತಾಡಿ ಕರೆಯದೆ ನಮಗೆ ಬಸ್ಸಿನ ಟಿಕೆಟ್ ಇಲ್ಲ, ಈಚೆಯಿಂದ ನಾವು ಕರೆಯದೆ ಅಕ್ಕನಿಗೂ ಇಲ್ಲ. ಈಗ ಅವಳಿಗೆ ದಿನ ತುಂಬಿವೆ. ಹೆತ್ತಳೋ, ಉಳಿದಳೋ, ತಿಳಿಯದು. ಅವ್ವ ಈಗಲೂ ಸೋಮವಾರ ತಲೆ ಬಾಚಿಕೊಂಡು ಗಾಜಿನ ಮುಂದೆ ಕೂರುತ್ತಾಳೆ.

ಷರತ್ತನ್ನು ನಾನು ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಿ, ಕಾಗದಕ್ಕೆ ಇಳಿಸಿಕೊಂಡೆ. ಓಣಿಯ ಪ್ರತಿಯೊಬ್ಬರೂ ತಮ್ಮ ಸ್ವಂತ ಹೆಬ್ಬೆರಳಿನಿಂದ ಈ ತಿಂಗಳೊಳಗೆ ಬೇಡವೆಂದರೆ ಮಾತು ಮರಳುತ್ತದೆ. ಆದರೆ ಬೇಡವೆಂದವರ ಮನೆಗೆ ತಿಂಗಳು ಮುಗಿಯುವವರೆಗೆ ನೀರಿಲ್ಲ, ಮಗ್ಗವಿಲ್ಲ. ನಿನ್ನೆ ಸಂಜೆ ಕಟ್ಟೆಯ ಮೇಲೆ ನಿಂತು ಅದನ್ನು ಎಲ್ಲರಿಗೂ ಓದಿ ಹೇಳಲು ಹೋದೆ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ.

"ಜೋರಾಗಿ ಓದ ತಂಗೀ, ನಾವೇನ್ ಕಡಿಯೂದಿಲ್ಲ" ಎಂದು ಪಕ್ಕದ ಮನೆಯ ಮಾಗುಂಡಪ್ಪ ಕಾಕಾ ನಗಿಸಿದರು. ಓದಿ ಮುಗಿಸಿದಾಗ ಯಾರೂ ನಗಲಿಲ್ಲ.

"ನೀ ಹೇಳೂದು ಖರೇ ಐತಿ" ಎಂದರು ಕಾಕಾ. "ಆದ್ರ ಮನ್ಯಾಗ ಸಣ್ಣ ಕೂಸದಾವು. ನೀರಿಲ್ದ ಹೆಂಗವಾ?"

ದ್ಯಾಮವ್ವಜ್ಜಿ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. "ಅದರಾಗ ಹಂಗ ಬರದಿತ್ತೇನ ಯವ್ವಾ? ನಾ ದೇವರ ಹೆಸರ ತಗೊಂಡ ಒತ್ತಿದ್ನೆಲ್ಲ" ಎಂದಳು. ಒಬ್ಬೊಬ್ಬರಾಗಿ ಎದ್ದು ಹೋದರು. ಅವರಲ್ಲಿ ಕೆಟ್ಟವರು ಯಾರೂ ಇಲ್ಲ. ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ನಿಮ್ಮ ಕಾಲದಲ್ಲಿ ಎಲ್ಲರಿಗೂ ಓದಲು ಬರುತ್ತಿತ್ತಂತೆ. ಆದರೂ ಓದದೆಯೇ ಒಪ್ಪಿಗೆ ಒತ್ತುತ್ತಿದ್ದಿರಂತೆ. ಗುಟ್ಟಿನ ಸಂಖ್ಯೆಯನ್ನು ಮೊಬೈಲ್ ಅಂಗಡಿಯವನಿಗೆ ಹೇಳಿ, ನೀನೇ ಒತ್ತಿಬಿಡಪ್ಪಾ ಎನ್ನುತ್ತಿದ್ದಿರಂತೆ. ನಿಜವೇ? ನಿಮಗೇನು ಕೈಗೆ ಗಂಜಿ ಹತ್ತಿತ್ತೇ? ಸಿಟ್ಟಿನಿಂದ ಕೇಳುತ್ತಿಲ್ಲ. ಒಮ್ಮೆಯಾದರೂ ಓದಿ ಒತ್ತಿ, ಅಷ್ಟೇ. ಈ ಕಾಗದ ಹಿಂದಕ್ಕೆ ಹೋಗುವುದಿಲ್ಲವೆಂದು ನನಗೂ ಗೊತ್ತು. ಮುಂದಿನವರಿಗೆ ಬರೆಯೋಣವೆಂದರೆ ಅವರಿಗೆ ಓದಲು ಬರುವುದಿಲ್ಲ.

ಇವತ್ತು ಬೆಳಿಗ್ಗೆ ಕೈಯ ಗಂಜಿಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಸೆರಗಿಗೆ ಒರೆಸಿ, ನನ್ನ ಹೆಬ್ಬೆರಳನ್ನು ಒತ್ತಿ ಬೇಡ ಎಂದೆ. ನಮ್ಮ ಮನೆಯ ನಲ್ಲಿ ನಿಂತಿತು. ಅವ್ವ ಕೊಡ ಎತ್ತಿಕೊಂಡು ದ್ಯಾಮವ್ವಜ್ಜಿಯ ಮನೆಗೆ ನೀರಿಗೆ ಹೋದಳು.