ಅಂಜೂವಂಥಾದ್ದೇನಿಲ್ಲ

ಹರ್ನ್‌ಡನ್, ವರ್ಜೀನಿಯಾ
೧೪ ಏಪ್ರಿಲ್ ೧೯೯೬

ಪ್ರೀತಿಯ ತಮ್ಮ ಈರಣ್ಣನಿಗೆ,

ನಿನ್ನ ನೀಲಕ್ಕನ ಆಶೀರ್ವಾದ. ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ಉತ್ತರ ಬರೆಯದಿದ್ದುದಕ್ಕೆ ಒಂದು ಒಳ್ಳೆಯ ನೆಪ ಹುಡುಕಿದೆ, ಸಿಗಲಿಲ್ಲ. ಕ್ಷಮಿಸು. ನಾವೆಲ್ಲ ಆರಾಮ ಇದ್ದೇವೆ. ನಿಮ್ಮ ಮಾಮಾ ಟೋಲ್ ರೋಡಿನ ಟ್ರಾಫಿಕ್ಕನ್ನು ಬೈಯುತ್ತ ಆಫೀಸಿಗೆ ಹೋಗಿಬರುತ್ತಾರೆ. ಸಪ್ನಾಗೆ ಒಂಬತ್ತು ತುಂಬಿತು.

ನನ್ನ ಕೆಲಸ ಎಂಥದ್ದು ಎಂದು ಕೇಳಿದ್ದೆ. ಹೇಳಿದರೆ ನಗುತ್ತೀ. ನದಿ ದಾಟಿದರೆ ಮೇರಿಲ್ಯಾಂಡಿನಲ್ಲಿ ಒಂದು ಲ್ಯಾಬ್ ಇದೆ. ಮನುಷ್ಯರು ತಮ್ಮ ಭಾವನೆಗಳನ್ನು ಒಬ್ಬರಿಗೊಬ್ಬರು ಹೇಗೆ ತಿಳಿಸುತ್ತಾರೆ ಎಂಬುದರ ಸಂಶೋಧನೆ ಅಲ್ಲಿ ನಡೆಯುತ್ತದೆ. ಜನ ಕ್ಯಾಮೆರಾದ ಮುಂದೆ ಕೂತು ತಮ್ಮ ಬದುಕಿನ ಅತಿ ಕೆಟ್ಟ ದಿನದ ಬಗ್ಗೆ ಹೇಳುತ್ತಾರೆ. ನಾನು ಆ ವಿಡಿಯೋದ ದನಿ ಬಂದ್ ಮಾಡಿ, ಮುಖವನ್ನಷ್ಟೇ ನೋಡಿ ಅಂಕ ಹಾಕಬೇಕು. ದುಃಖಕ್ಕೆ ಐದಕ್ಕೆ ಎಷ್ಟು, ಭಯಕ್ಕೆ ಎಷ್ಟು. ಹುಬ್ಬು, ತುಟಿ, ಗದ್ದ, ಎಲ್ಲದಕ್ಕೂ ಬೇರೆ ಬೇರೆ ಕಾಲಂ. ಬೆಳಗಿನಿಂದ ಹತ್ತು ಜನ ಅಳುವುದನ್ನು ನೋಡಿ, ಮಧ್ಯಾಹ್ನ ಡಬ್ಬಿ ಬಿಚ್ಚಿ ಚಪಾತಿ ತಿನ್ನುತ್ತೇನೆ.

ಏನೂ ಅನಿಸುವುದಿಲ್ಲ. ಅವ್ವ ಹೋದಮೇಲೆ ನನಗೆ ಯಾವುದೂ ಏನೂ ಅನಿಸುತ್ತಿಲ್ಲ, ಈರಣ್ಣ. ಸಪ್ನಾಳ ಶಾಲೆಯಲ್ಲಿ ಅಳುವ, ನಗುವ, ಸಿಟ್ಟಾದ ಮುಖಗಳ ಒಂದು ಹಾಳೆ ಕೊಟ್ಟಿದ್ದಾರೆ. ದಿನಾ ಸಂಜೆ ಅದನ್ನು ತಂದು, “ಮಮ್ಮಿ, ಟುಡೇ ನೀನು ಯಾವ್ದು?” ಎಂದು ಕೇಳುತ್ತಾಳೆ. ನಿನ್ನೆ ನಗುವ ಮುಖದ ಮೇಲೆ ಬೆರಳಿಟ್ಟೆ. ಅವಳು ನನ್ನನ್ನೊಮ್ಮೆ ನೋಡಿ, ಹಾಳೆ ಮಡಚಿಕೊಂಡು ಹೋದಳು.

ಇನ್ನು ನಿನ್ನ ಪತ್ರದ ವಿಷಯ. ನೇರವಾಗಿ ಹೇಳಿದ್ದರೆ ಅಕ್ಕ ಅವ್ವನ ಮಣ್ಣಿಗೆ ಬರುತ್ತಿದ್ದಳು, ತಪ್ಪೆಲ್ಲ ನನ್ನದು ಎಂದು ಬರೆದಿದ್ದೀ. ನೀನು ಹೊಟ್ಟೆತುಂಬ ಊಟ ಮಾಡಿ ಎಷ್ಟೋ ದಿನವಾಯಿತು ಎಂದು ನಿನ್ನ ಹೆಂಡತಿ ಕೊನೆಗೆ ಎರಡು ಸಾಲು ಸೇರಿಸಿದ್ದಾಳೆ. ಹುಚ್ಚಪ್ಪಾ, ನಿನಗೆ ಹಾಗೆ ಸುತ್ತಿಬಳಸಿ ಹೇಳಲು ಕಲಿಸಿದವಳು ನಾನೇ ಅಲ್ಲವೇ? ಅಪ್ಪ ತೀರಿಕೊಂಡ ದಿನ ನಿನ್ನ ಹಾಸ್ಟೆಲಿಗೆ ‘ತಂದೆ ಸೀರಿಯಸ್, ಕೂಡಲೇ ಹೊರಡು’ ಎಂದು ತಂತಿ ಕೊಟ್ಟವಳು ನಾನು. ದಾರಿಯಲ್ಲಿ ಒಬ್ಬನೇ ಅಳುತ್ತ ಬರಬಾರದೆಂದು. ನೀನು ಅಪ್ಪನಿಗೆಂದು ಮೂಸಂಬಿ ತಂದಿದ್ದೆ. ನಮ್ಮಲ್ಲಿ ಸಾವನ್ನು ಯಾರೂ ಫೋನಿನಲ್ಲಿ, ತಂತಿಯಲ್ಲಿ ಹೇಳುವುದಿಲ್ಲ. ಹೇಳದೆಯೇ ತಿಳಿದುಕೊಳ್ಳಬೇಕು.

ಶ್ರಾವಣ ಸೋಮವಾರ ನೀನು ಎದುರುಮನೆಯಿಂದ ಮಾಡಿದ ಫೋನು ನಮ್ಮ ಆನ್ಸರಿಂಗ್ ಮಶೀನಿನಲ್ಲಿ ಉಳಿದಿತ್ತು. “ಅಕ್ಕಾ, ಅವ್ವಗ ಸ್ವಲ್ಪ ಆರಾಮಿಲ್ಲ. ಅಂಜೂವಂಥಾದ್ದೇನಿಲ್ಲ. ಒಂದ್ಸಲ ಬಂದು ಹೋಗು.” ನಾನು ಮರಳಿ ಫೋನ್ ಮಾಡಲಿಲ್ಲ. ನಾನು ವಿಮಾನ ಹತ್ತಿಬಿಟ್ಟಿರಬೇಕೆಂದು ನೀವು ತಿಳಿದಿರಿ. ಐಸ್ ತರಿಸಿ ಎರಡು ದಿನ ಕಾದಿರಿ. ಬಸವಂತಪ್ಪ ಕಾಕಾ ಬೆಳಗಾವಿ ಸ್ಟೇಷನ್ನಿನಲ್ಲಿ ಮುಂಬೈ ಕಡೆಯ ಗಾಡಿಗಳನ್ನೆಲ್ಲ ನೋಡಿ ಬರಿಗೈಯಲ್ಲಿ ತಿರುಗಿದರು. ನನಗೆ ನಿನ್ನ ಮಾತು ಅರ್ಥವಾಗಲಿಲ್ಲ, ಅಷ್ಟೆ. ಇಲ್ಲಿದ್ದು ಇದ್ದು ಕಿವಿ ಮಂದವಾಯಿತು.

ಹೋದ ತಿಂಗಳು ಲ್ಯಾಬಿನಲ್ಲಿ ದನಿಯ ಪ್ರಯೋಗ ಶುರುವಾಯಿತು. ಗೊತ್ತಿಲ್ಲದ ಭಾಷೆಯಲ್ಲೂ ಬರೀ ದನಿಯಿಂದ ದುಃಖ ತಿಳಿಯುತ್ತದೆಯೇ ಎಂದು ನೋಡಲು. ಕನ್ನಡದ್ದೊಂದು ಬೇಕೆಂದು ಲ್ಯಾಬಿನ ಮೇಡಂ ಕೇಳಿದರು. ನಾನು ನಿನ್ನ ಟೇಪು ಕೊಟ್ಟೆ. ಯಾಕೆ ಕೊಟ್ಟೆನೋ ತಿಳಿಯದು. ನನ್ನ ಹಾಗೆಯೇ ಅಂಕ ಹಾಕುವ ಮೂವರು ಅಮೆರಿಕದವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಭಯ ಸೊನ್ನೆ. ದುಃಖ ಐದಕ್ಕೆ ಒಂದು. ಆತ ಏನು ಹೇಳುತ್ತಿದ್ದಾನೆ ಎಂದು ಮೇಡಂ ನನ್ನನ್ನು ವಿಚಾರಿಸಿದರು. ತಾಯಿಗೆ ಸ್ವಲ್ಪ ಆರಾಮಿಲ್ಲ, ಹೆದರುವಂಥದ್ದೇನಿಲ್ಲ ಅನ್ನುತ್ತಿದ್ದಾನೆ ಎಂದೆ. ಹಾಗಾದರೆ ಇವರು ಸರಿಯಾಗಿಯೇ ಗುರುತಿಸಿದ್ದಾರೆ ಅಂದರು. ಹೌದು ಎಂದೆ. ಮುಖ ಓದುವುದೇ ಕಸುಬಾದ ನಾಲ್ಕು ಜನ ನನ್ನೆದುರಿಗಿದ್ದರು, ಯಾರೂ ನನ್ನ ಮುಖ ನೋಡಲಿಲ್ಲ.

ಹೊಲಕ್ಕೆ ಬಿಸಿಲಲ್ಲಿ ಬರಿತಲೆಯಲ್ಲಿ ಹೋಗಬೇಡ. ಮಕ್ಕಳು ಚೆನ್ನಾಗಿ ಓದಲಿ. ನೀನೂ ನಿನ್ನ ಹೆಂಡತಿಯೂ ನೂರು ಕಾಲ ತಣ್ಣಗಿರಿ.

ನಿನ್ನ ಅಕ್ಕ,
ನೀಲಗಂಗಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದವಳು ಮತ್ತೆ ಬಿಚ್ಚಿದೆ. ಅರ್ಥವಾಗಲಿಲ್ಲ ಎಂದು ಬರೆದದ್ದು ಸುಳ್ಳು. ನಿನ್ನ ಮಾತಿನ ಹಿಂದೆ ನಮ್ಮ ಮನೆಯ ಭಜನೆ ಕೇಳಿಸುತ್ತಿತ್ತು. ಹೆಣ ಕೂಡಿಸಿದ ಮನೆಯ ಭಜನೆ ನನಗೆ ಗೊತ್ತಾಗದೇ? ಮೊದಲ ಸಲಕ್ಕೇ ಗೊತ್ತಾಯಿತು. ಟಿಕೆಟ್ ತೆಗೆದರೆ ಅವ್ವ ಹೋದಳೆಂದು ನಾನೇ ಒಪ್ಪಿಕೊಂಡ ಹಾಗೆ. ತೆಗೆಯದಿದ್ದರೆ ಅವಳಿಗೆ ಸ್ವಲ್ಪ ಆರಾಮಿಲ್ಲ, ಅಷ್ಟೆ. ಮಶೀನ್ ಬಂದ್ ಮಾಡಿ ಅನ್ನಕ್ಕಿಟ್ಟೆ. ಎರಡು ದಿನ ಇಲ್ಲಿ ನಾನು ಅವಳನ್ನು ಬದುಕಿಸಿಕೊಂಡಿದ್ದೆ, ಅಲ್ಲಿ ನೀನು ಐಸ್ ಬದಲಿಸುತ್ತಿದ್ದೆ. ನೀನು ಹೇಳಬೇಕಾದ ಹಾಗೆಯೇ ಹೇಳಿದ್ದೆ, ತಮ್ಮಾ. ಊಟ ಮಾಡು.